ಓಡುವಾಗ ಕುರುಡು

ನೋಟೊ ಕಡಲ ದಂಡೆಯ ಮೇಲೆ ಮೂವತ್ತೊಂದು ವರ್ಷ
ಬಸ್ಸು ಓಡಿಸಿದವಳು ಕಿನುಯೊ.
ಡಾಂಬರಿಲ್ಲ, ಒದ್ದೆಯಾಗಿ ಬಿಗಿದ ಮರಳೇ ರಸ್ತೆ,
ಚಕ್ರ ಹೂಳುವುದಿಲ್ಲ, ನೊರೆ ಬಂದು ಟೈರು ಮುಟ್ಟುತ್ತದೆ,
ಕಿಟಕಿಗೆ ಮೂಗೊತ್ತಿದ ಪ್ರವಾಸಿಗರು ಹೋ ಎನ್ನುತ್ತಾರೆ.
ಕನ್ನಡಿಯಲ್ಲಿ ಅವರನ್ನು ನೋಡಿ ನಗುವುದೂ
ಸಂಬಳದಲ್ಲೇ ಸೇರಿತ್ತು.

ಆಗ ಅವಳು ನೆಲ ನೋಡಿದವಳಲ್ಲ.

ಈಗ ನೋಡುತ್ತಾಳೆ. ಹುಲ್ಲಿನ ಹ್ಯಾಟು, ರಬ್ಬರ್ ಬೂಟು,
ಸೊಂಟಕ್ಕೆ ಕಟ್ಟಿದ ಎಣಿಕೆಯ ಯಂತ್ರ, ಒತ್ತಿದರೆ ಕಟ್ ಎನ್ನುವುದು,
ಹಿಂದೆ ಅದರಲ್ಲೇ ಹತ್ತುವವರ ತಲೆ ಎಣಿಸಿದ್ದಳು.
ಕಾಲೇಜಿನ ಹುಡುಗ ಇಸಾಮಿ ಮರಳಿನಲ್ಲಿ ಹಗ್ಗ ಹಾಸಿ
ಚೌಕ ಮಾಡಿಕೊಟ್ಟಿದ್ದಾನೆ: "ಅಜ್ಜಿ, ಇದರೊಳಗಿನ ತೂತು ಮಾತ್ರ."
ಅಜ್ಜಿ ಅಂದದ್ದಕ್ಕೆ ಒಂದು ಗಳಿಗೆ ಸಿಟ್ಟು.
ಬಗ್ಗಿದಾಗ ಮಂಡಿ ಲಟಕ್ಕೆಂದಿತು. ಸಿಟ್ಟು ಇಳಿಯಿತು.

ತೂತು ಪೆನ್ಸಿಲ್ ಚುಚ್ಚಿ ತೆಗೆದಷ್ಟೇ.
ಅದರ ಬಾಯಿಗೆ ಬೆಣೆ ಹೊಡೆದಂತೆ ಒಂದು ಚಪ್ಪಟೆ ತಲೆ,
ಮರಳಿನದೇ ಬಣ್ಣ, ದವಡೆ ಆಕಾಶಕ್ಕೆ.
ಉಳಿದ ಮೈ ಒಳಗೆ, ಬೆನ್ನಿನ ಕೊಕ್ಕೆಯಿಂದ ಗೋಡೆಗೆ ನೇತು
ಹೊಂಚು ಹಾಕಿದೆ. ದಿನವಿಡೀ. ವಾರವಿಡೀ.
ಮರಳು ಚಿಗಟವೊಂದು ಹತ್ತಿರ ಹಾಯ್ದರೆ
ತಲೆ ಹಿಂದಕ್ಕೆ ಚಿಮ್ಮಿ, ಅಷ್ಟೇ.
ಮತ್ತೆ ಖಾಲಿ ತೂತು, ಏನೂ ನಡೆಯದ ಮನೆಯ ಹಾಗೆ.

ಚಿಕ್ಕಂದಿನಲ್ಲಿ ಇದನ್ನು ಗಾಳ ಹಾಕಿ ಹಿಡಿದಿದ್ದಳು
ಅಣ್ಣ ಗೆಂಪೇ ಜೊತೆ. ಹಿತ್ತಲ ಬೆಳ್ಳುಳ್ಳಿ ಗರಿ ಕಿತ್ತು
ತೂತಿಗೆ ಇಳಿಬಿಟ್ಟು ಉಸಿರು ಹಿಡಿದು ಕೂತರೆ
ಗರಿ ತಾನೇ ನಡುಗುವುದು,
ಎಳೆದರೆ ಕಚ್ಚಿದ ಹುಳ ಕಚ್ಚಿದ ಹಾಗೇ ಮೇಲೆ.
ಗೆಂಪೇ ಅದನ್ನು ಅವಳ ಕಾಲರಿನೊಳಗೆ ಬಿಡುತ್ತಿದ್ದ.
ಅವನು ಮೀನುದೋಣಿ ಹತ್ತಿ ಹೋದದ್ದು ಬೇರೆ ಕತೆ,
ಇಲ್ಲಿ ಎಣಿಸಬೇಕಾಗಿಲ್ಲ.

ಬೆಳೆದ ಹುಳಗಳು ನೀರಂಚಿನಲ್ಲಿ.
ಕಂಚಿನ ಬೆನ್ನು, ಮೇಲೆ ಬೆಳ್ಳನೆ ಲಂಗರಿನ ಗುರುತು,
ಸುಡುವ ಮರಳು ತಾಗದಂತೆ ಕಡ್ಡಿಕಾಲ ಮೇಲೆ ಮೈ ಎತ್ತಿ ನಿಂತು
ಥಟ್ಟನೆ ಕಾಲಿಗೆ ಬುದ್ಧಿ ಹೇಳುತ್ತವೆ.
ಬುದ್ಧಿಯೆಲ್ಲ ಕಾಲಿಗೇ ಹೋಗಿ, ಇಸಾಮಿ ಹೇಳಿದ,
ಓಡುವಾಗ ಅವಕ್ಕೆ ಕಣ್ಣು ಕಾಣುವುದಿಲ್ಲವಂತೆ.
ನೋಟ ಕೂಡಿಕೊಳ್ಳುವ ಮೊದಲೇ ಕಾಲು ದಾಟಿರುತ್ತದೆ.
ಅದಕ್ಕೇ ಓಟ, ನಿಲುಗಡೆ, ಮತ್ತೆ ಓಟ.
ನಿಂತು, ಬೇಟೆ ಎಲ್ಲಿ ಹೋಯಿತೆಂದು
ಹೊಸದಾಗಿ ಹುಡುಕಬೇಕು.

ಕಿನುಯೊ ಯಂತ್ರ ಒತ್ತುವುದು ಮರೆತಳು.
ನಿಲುಗಡೆ ಎಂಬ ಮಾತು ಅವಳದು.
ಮೂವತ್ತೊಂದು ವರ್ಷ ಅದರ ಗಂಟೆ ಕೇಳಿದ್ದಾಳೆ,
ಬಾಗಿಲು ತೆರೆದಿದ್ದಾಳೆ, ಇಳಿದವರ ಲೆಕ್ಕ ಹಿಡಿದಿದ್ದಾಳೆ.
ತಾನೊಮ್ಮೆ ಇಳಿದು ಹಿಂದೆ ನೋಡಿದ್ದರೆ
ಟೈರಿನ ಪಟ್ಟೆಗಳ ಕೆಳಗೆ
ಬಾಯಿ ಮುಚ್ಚಿದ ತೂತುಗಳು ಎಷ್ಟಿದ್ದವೋ.
ಒಂದು ಚೌಕಕ್ಕೆ ಇಷ್ಟಾದರೆ ಇಡೀ ದಂಡೆಗೆ,
ದಿನಕ್ಕೆ ಆರು ಟ್ರಿಪ್ಪಿಗೆ...
ಗುಣಿಸಲು ಹೋಗಿ ಬಿಟ್ಟಳು.
ಇಸಾಮಿ ಕೇಳಲಿಲ್ಲ. ಅವಳು ಹೇಳಲಿಲ್ಲ.

ದಂಡೆಯೂ ವರ್ಷವರ್ಷ ತೆಳುವಾಗುತ್ತಿದೆ.
ಕಡಲು ಒಯ್ದ ಮರಳು ಮರಳುವುದಿಲ್ಲ.
ಲಾರಿಯಲ್ಲಿ ತಂದು ಸುರಿದದ್ದು ಬೇರೆ ಊರಿನದು,
ಅದರಲ್ಲಿ ಯಾರೂ ಇನ್ನೂ ತೂತು ಕೊರೆದಿಲ್ಲ.

ಹಳಬರು ಈ ಜಾತಿಯ ಹುಳಕ್ಕೆ ದಾರಿ ಕಲಿಸುವವ ಎನ್ನುತ್ತಾರೆ:
ನೀವು ಹೆಜ್ಜೆ ಇಟ್ಟರೆ ಹಾರಿ, ನಾಲ್ಕು ಮಾರು ಮುಂದೆ ಕೂತು
ನಿಮ್ಮತ್ತಲೇ ತಿರುಗಿ ನೋಡುತ್ತದೆ, ಬಾ ಎಂಬಂತೆ.
ಕಿನುಯೊಗೆ ಗೊತ್ತು, ಕರೆಯುತ್ತಿಲ್ಲ ಅದು,
ಹೆದರಿಸಿದವರ ಮೇಲೊಂದು ಕಣ್ಣಿಟ್ಟಿದೆ.
ಆದರೂ ಸಂಜೆ, ಇಸಾಮಿ ಹಗ್ಗ ಸುತ್ತುತ್ತಿರುವಾಗ
ಒಂದು ಎದ್ದು ಮುಂದೆ ಕೂತಿತು. ತಿರುಗಿತು.
ಅವಳು ಬೂಟು ಕಳಚಿ ಕೈಗೆ ತೆಗೆದುಕೊಂಡಳು.
ಎಲ್ಲಿ ಕಾಲಿಡುವುದೆಂದು ನೋಡಿ ನೋಡಿ ಇಟ್ಟಳು.

"ಎಷ್ಟಾಯಿತು?" ಹಿಂದಿನಿಂದ ಇಸಾಮಿ.
"ನಲವತ್ತಮೂರು," ಎಂದಳು. "ಇದೊಂದನ್ನು ಬಿಟ್ಟಿದ್ದೇನೆ."